ಮುಖ ನೋಡದ ಮಗುವಿಗೆ ಪ್ರೀತಿ ಇಲ್ವಾ?

ತುಮಕೂರಿನಲ್ಲಿ ಆಟಿಸಂ ಇರುವ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ತಾಯಂದಿರು ತಪ್ಪದೆ ಕೇಳುವುದು ಒಂದೇ: "ಮೇಡಂ, ಇವನು ನನ್ನ ಮುಖಾನೇ ನೋಡಲ್ಲ. ನನ್ನ ಮೇಲೆ ಪ್ರೀತಿ ಇಲ್ವಾ?"

ಇದೆ. ಅದು ಮುಖದಲ್ಲೇ ಕಾಣಬೇಕು ಅಂತ ಕಾಯಬೇಡಿ, ಅಷ್ಟೇ. ಗುಬ್ಬಿ ಕಡೆಯಿಂದ ಬರುವ ಒಬ್ಬ ಹುಡುಗ ಯಾರ ಕಣ್ಣನ್ನೂ ನೋಡುವುದಿಲ್ಲ. ಆದರೆ ಅಮ್ಮನ ದನಿ ಸ್ವಲ್ಪ ನಡುಗಿದರೂ ಸಾಕು, ತಿರುಗಿಸುತ್ತಿದ್ದ ಆಟಿಕೆ ಚಕ್ರ ಬಿಟ್ಟು ಬಂದು, ಬೆನ್ನು ಕೊಟ್ಟುಕೊಂಡೇ ಅವರ ಮಡಿಲಿಗೆ ಒರಗುತ್ತಾನೆ.

ಮುಖ ಗುರುತಿಸಲು ನಮ್ಮ ಮೆದುಳಿನ ಅಡಿಭಾಗದಲ್ಲಿ ಫ್ಯೂಸಿಫಾರ್ಮ್ ಅನ್ನುವ ಜಾಗ ತುಂಬಾ ದುಡಿಯುತ್ತದೆ. ಎದುರಿಗಿರುವವರು ಹೆದರಿದ್ದಾರಾ, ಸಿಟ್ಟಾಗಿದ್ದಾರಾ ಅಂತ ತಿಳಿಯಲು ಮೆದುಳಿನ ಒಳಗಿರುವ ಅಮಿಗ್ಡಲಾ ಅನ್ನುವ ಇನ್ನೊಂದು ಜಾಗ ನೆರವಾಗುತ್ತದೆ. ಆಟಿಸಂ ಇರುವವರಿಗೆ ಮುಖಗಳನ್ನು ತೋರಿಸಿ ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳಲ್ಲಿ ಫ್ಯೂಸಿಫಾರ್ಮ್ ಚಟುವಟಿಕೆ ಕಡಿಮೆ ಕಂಡಿತು. ಹಾಗಾದರೆ ಆ ಜಾಗ ಕೆಟ್ಟಿದೆಯಾ? ನನಗೆ ತುಂಬಾ ಹಿಡಿಸಿದ ಉತ್ತರ 2005ರ ಒಂದು ಅಧ್ಯಯನದಲ್ಲಿದೆ. ಅದರಲ್ಲಿದ್ದ ಆಟಿಸಂ ಇರುವ ಒಬ್ಬ ಹುಡುಗನಿಗೆ ಡಿಜಿಮಾನ್ ಕಾರ್ಟೂನ್ ಅಂದ್ರೆ ಪ್ರಾಣ. ಮನುಷ್ಯರ ಮುಖ ತೋರಿಸಿದಾಗ ಸುಮ್ಮನಿದ್ದ ಫ್ಯೂಸಿಫಾರ್ಮ್, ಅಮಿಗ್ಡಲಾ ಎರಡೂ ಡಿಜಿಮಾನ್ ಪಾತ್ರಗಳನ್ನು ಕಂಡಾಗ ಚುರುಕಾದವು! ಒಂದೇ ಮಗುವಿನ ವಿಷಯ, ನಿಜ. ಆದರೂ ಆಸಕ್ತಿ ಇದ್ದ ಕಡೆ ಆ ಜಾಗ ಚೆನ್ನಾಗಿಯೇ ಕೆಲಸ ಮಾಡಿತು ಅಲ್ವಾ?

ಇನ್ನೊಂದು ವಿಷಯ ಗಲ್ಲ ಹಿಡಿದು "ನೋಡು, ನನ್ನ ನೋಡು" ಅನ್ನುವವರಿಗೆ. 2017ರ ಒಂದು ಅಧ್ಯಯನದಲ್ಲಿ, ಆಟಿಸಂ ಇರುವವರ ದೃಷ್ಟಿಯನ್ನು ಎದುರಿನ ಮುಖದ ಕಣ್ಣುಗಳ ಮೇಲೇ ನಿಲ್ಲಿಸಿದಾಗ, ಅಮಿಗ್ಡಲಾ ಸೇರಿದಂತೆ ಮೆದುಳಿನ ಒಳಭಾಗದ ಒಂದು ಜಾಲ ಬೇರೆಯವರಿಗಿಂತ ಜಾಸ್ತಿ ಕೆರಳಿತು. ಆಟಿಸಂ ಇರುವ ಎಷ್ಟೋ ದೊಡ್ಡವರು "ಕಣ್ಣು ನೋಡಿದರೆ ಹಿಂಸೆಯಾಗುತ್ತದೆ" ಅಂತ ತಾವೇ ಹೇಳುತ್ತಾರೆ. ಎಲ್ಲ ಮಕ್ಕಳೂ ಒಂದೇ ತರಹ ಇರುವುದಿಲ್ಲ. ಆದರೆ ಮಗು ಮುಖ ತಿರುಗಿಸಿದರೆ ಅದನ್ನು ಹಟ ಅಂದುಕೊಳ್ಳಬೇಡಿ. ಬಲವಂತ ಮಾಡಬೇಡಿ, ಕೈ ಮುಗಿದು ಕೇಳುತ್ತೇನೆ.

ಊಟಕ್ಕೆ ಎದುರು ಕೂರುವ ಬದಲು ಪಕ್ಕದಲ್ಲಿ ಕೂತು ಮಾತಾಡಿಸಿ. ಬೇಜಾರಾದಾಗ ಮುಖ ನೋಡಿ ತಿಳಿಯಲಿ ಅಂತ ಬಿಡದೆ, "ಅಮ್ಮಂಗೆ ಬೇಜಾರಾಗಿದೆ, ಅದಕ್ಕೇ ಅಳು ಬಂತು" ಅಂತ ಬಾಯಿಬಿಟ್ಟು ಹೇಳಿ. ಅವನಿಗೆ ಬಸ್ಸು ಇಷ್ಟವಾದರೆ ಬಸ್ಸಿನ ಚಿತ್ರಕ್ಕೇ ನಗುವ ಮುಖ, ಅಳುವ ಮುಖ ಬರೆದು ಆಟ ಶುರು ಮಾಡಿ. ಮನೆಯ ಅಜ್ಜಿ, ತಾತನಿಗೂ ಇದನ್ನು ತಿಳಿಸಿ. "ನೋಡು" ಅಂತ ಜಾಸ್ತಿ ಒತ್ತಾಯ ಮಾಡುವವರು ಸಾಮಾನ್ಯವಾಗಿ ಅವರೇ, ಅದೂ ಪ್ರೀತಿಯಿಂದಲೇ.