ಮೊದಲು ಕುಂಡ, ಆಮೇಲೆ ಭಂಗಾರ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಗುಜರಿ ಸಾಮಾನಿಗೆ ಭಂಗಾರ ಅನ್ನುತ್ತಾರೆ. ಮಹಾಪ್ರಾಣ ತೇಲಿಸಿದರೆ ಬಂಗಾರವೇ ಆಗಿಬಿಡುತ್ತದೆ. ಎಣ್ಣೆಯ ಕ್ಯಾನು, ನೀರಿನ ಬಾಟ್ಲಿ, ಪೇಂಟಿನ ಬಕೆಟ್ಟು ಎಲ್ಲವನ್ನೂ ತೂಗಿ ಒಯ್ಯುವ ಗಾಡಿ ಓಣಿಗೆ ಬರುತ್ತಲೇ ಇರುತ್ತದೆ. ಆದ್ದರಿಂದ ಖಾಲಿ ಡಬ್ಬಿಯಲ್ಲಿ ಗಿಡ ಹಚ್ಚಿ ಪರಿಸರ ಉಳಿಸಿದೆವು ಅಂದುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಡಬ್ಬಿ ಕುಂಡ ಆಗದಿದ್ದರೆ ಎಲ್ಲಿಗೆ ಹೋಗುತ್ತಿತ್ತು?

ಒಂದು ಲೀಟರಿನ ಖಾಲಿ ನೀರಿನ ಬಾಟ್ಲಿ ಸುಮಾರು 20ರಿಂದ 25 ಗ್ರಾಂ ತೂಗುತ್ತದೆ. ನಲವತ್ತು ಐವತ್ತು ಸೇರಿದರೆ ಒಂದು ಕಿಲೋ. ಸ್ವಚ್ಛವಾಗಿ ಭಂಗಾರಕ್ಕೆ ಹೋದ ಬಾಟ್ಲಿ ಚೂರಾಗಿ, ಕರಗಿ, ಪಾಲಿಯೆಸ್ಟರ್ ನೂಲಾಗಿ ಮತ್ತೆ ಬಳಕೆಗೆ ಬರುತ್ತದೆ. ಅದೇ ಬಾಟ್ಲಿಗೆ ಸ್ಪ್ರೇ ಪೇಂಟ್ ಹೊಡೆದು, ಅಂಟು ಹಚ್ಚಿ ಕನ್ನಡಿ ಚೂರು ಕೂಡಿಸಿದರೆ ಅದನ್ನು ಯಾರೂ ಕರಗಿಸಲಾರರು. ಹಳೆಯ ಟವೆಲನ್ನು ಸಿಮೆಂಟಿನಲ್ಲಿ ಅದ್ದಿ ಡಬ್ಬಿಗೆ ಸುತ್ತುವ ವಿಡಿಯೋಗಳಂತೂ ಬಟ್ಟೆ, ಪ್ಲಾಸ್ಟಿಕ್ ಎರಡನ್ನೂ ಒಟ್ಟಿಗೆ ಹಾಳು ಮಾಡುತ್ತವೆ. ಡಬ್ಬಿ ನಾಲ್ಕೈದು ವರ್ಷ ಕುಂಡವಾಗಿದ್ದು, ತೊಳೆದರೆ ಮತ್ತೆ ತಕ್ಕಡಿಗೆ ಬೀಳುವಂತಿರಬೇಕು. ಹಾಗಿದ್ದರೆ ಮಾತ್ರ ಲಾಭ. ಅದೂ ಅಂಗಡಿಯಿಂದ ತರಬೇಕಿದ್ದ ಹೊಸ ಪ್ಲಾಸ್ಟಿಕ್ ಕುಂಡ ತರದೆ ಉಳಿದರೆ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ದೇಶದಾದ್ಯಂತ ನಿಷೇಧ ಬಂತು. ಬಾಟ್ಲಿ, ಕ್ಯಾನು, ಬಕೆಟ್ಟು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ತಿಂಗಳ ಕಿರಾಣಿಯ ಜೊತೆ ಅವು ಮನೆಗೆ ಬರುವುದು ತಪ್ಪಿಲ್ಲ.

ಇಂಥ ಕುಂಡಗಳಿಗೆ ಮಾಳಿಗೆಗಿಂತ ಮನೆಯೊಳಗೇ ಒಳ್ಳೆಯ ಜಾಗ. ಈ ಭಾಗದ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೆ ಪ್ಲಾಸ್ಟಿಕ್ ಕೆಡುವುದು ಶಾಖಕ್ಕಿಂತ ಹೆಚ್ಚಾಗಿ ಬಿಸಿಲಿನ ಅತಿನೇರಳೆ ಕಿರಣಕ್ಕೆ. ಬಿಸಿಲು ತಡೆಯಲೆಂದು ತಯಾರಾಗದ ಡಬ್ಬಿ ಒಂದೆರಡು ಬೇಸಿಗೆಯಲ್ಲಿ ಸುಣ್ಣ ಹಿಡಿದಂತೆ ಬೆಳ್ಳಗಾಗುತ್ತದೆ, ಬೆರಳಿಂದ ಒತ್ತಿದರೆ ಚಿಟ್ಟನೆ ಸೀಳುತ್ತದೆ. ಆ ಪುಡಿ ಮಣ್ಣಿಗೆ ಸೇರಿದರೆ ಆರಿಸಿ ತೆಗೆಯಲು ಆಗುವುದಿಲ್ಲ. ಪಡಸಾಲೆಯಲ್ಲಿ, ಕಿಟಕಿ ಗಾಜಿನ ಹಿಂದೆ ಈ ಹಾನಿ ಬಹಳ ಕಡಿಮೆ.

ಇನ್ನು ಯಾವ ಡಬ್ಬಿ ಆರಿಸಬೇಕು ಅನ್ನುವುದು. ಬುಡದಲ್ಲಿ ತ್ರಿಕೋನದೊಳಗೆ ಅಂಕಿ ಇರುತ್ತದೆ. 1 ಅಂದರೆ ಪೆಟ್, ನೀರಿನ ಬಾಟ್ಲಿಯದು. 2 ಅಂದರೆ ಎಚ್‌ಡಿಪಿಇ, ಒಳಗಿನದು ಕಾಣದ ದಪ್ಪ ಎಣ್ಣೆ ಕ್ಯಾನುಗಳದ್ದು. 5 ಅಂದರೆ ಪಾಲಿಪ್ರೊಪಿಲೀನ್, ಪೇಂಟು ಮತ್ತು ಮೊಸರಿನ ಬಕೆಟ್ಟುಗಳದ್ದು. ಕುಂಡಕ್ಕೆ ಮೊದಲ ಆಯ್ಕೆ 2, ಆಮೇಲೆ 5. ಅಂಕಿ ಅಳಿಸಿದ್ದರೆ ಅಂಚಿನಿಂದ ಉಗುರಿನಷ್ಟು ತುಂಡು ಕತ್ತರಿಸಿ, ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಮುಳುಗಿಸಿ ಬಿಡಿ. ಮೇಲೆದ್ದು ತೇಲಿದರೆ 2, 4 (ಎಲ್‌ಡಿಪಿಇ, ಮೆತ್ತನೆಯ ಪ್ಲಾಸ್ಟಿಕ್) ಅಥವಾ 5. ತಳಕ್ಕೆ ಕೂತರೆ ಪೆಟ್, ಪಿವಿಸಿಯಂಥವು. ಸೋಪು ಹಾಕದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗಬೇಕಾದದ್ದೂ ತೇಲುತ್ತದೆ. ಪಿವಿಸಿ ಪೈಪಿನ ತುಂಡನ್ನು ಕುಂಡ ಮಾಡುವುದಿದ್ದರೆ ಗರಗಸದಿಂದಷ್ಟೇ ಕೊಯ್ಯಿರಿ. ಕಾಯಿಸಿದರೆ ಆಮ್ಲದ ಹೊಗೆ ಬರುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದು ಹುಡುಗಾಟದ ಮಾತಲ್ಲ.

ದ್ರಾಕ್ಷಿ, ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಔಷಧಿಯ ಕ್ಯಾನುಗಳೂ ಹೆಚ್ಚಾಗಿ ಎಚ್‌ಡಿಪಿಇಯವೇ. ಗಟ್ಟಿ, ಚಂದ, ಊರ ಕಡೆ ಹೊಲದ ಮನೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಅವನ್ನು ಮನೆಯೊಳಗೆ ತರಲೇಬೇಡಿ. ಔಷಧಿ ಪ್ಲಾಸ್ಟಿಕ್ಕಿನ ಒಳಗೆ ಇಂಗಿರುತ್ತದೆ, ಮೂರು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ.

ಎಣ್ಣೆ ಕ್ಯಾನಿನ ಮೊದಲ ಕೆಲಸ ಜಿಡ್ಡು ತೆಗೆಯುವುದು. ಬಿಟ್ಟರೆ ಇರುವೆ ಬರುತ್ತದೆ, ಗೋಡೆಗೆ ತಾಗಿದ ಮಣ್ಣು ನೀರು ಹಿಡಿಯುವುದಿಲ್ಲ. ಕ್ಯಾನನ್ನು ಒಂದು ರಾತ್ರಿ ಬೋರಲು ಇಟ್ಟು ಎಣ್ಣೆ ಇಳಿಸಿ. ಎರಡು ಮುಷ್ಟಿ ಒಣ ಬೂದಿ ಅಥವಾ ಕಟ್ಟಿಗೆ ಪುಡಿ ಹಾಕಿ ಕುಲುಕಿ, ಉದುರಿಸಿ. ಆಮೇಲೆ ಲೀಟರಿಗೆ ಎರಡು ಚಮಚ ಬಟ್ಟೆ ಸೋಡಾ ಕಲಸಿದ ಬಿಸಿನೀರು ತುಂಬಿ ಅರ್ಧ ಗಂಟೆ ಬಿಡಿ. ಬೇಕಾದರೆ ಇನ್ನೊಂದು ಸಲ. ಪೆಟ್ ಬಾಟ್ಲಿಗೆ ಮಾತ್ರ ಕುದಿಯುವ ನೀರು ಬೇಡ. ಸುಮಾರು 70 ಡಿಗ್ರಿಗೆಲ್ಲ ಅದು ಮೆತ್ತಗಾಗಿ ಮುದುಡುತ್ತದೆ.

ಐದು ಲೀಟರಿನ ಕ್ಯಾನನ್ನು ಅಡ್ಡ ಮಲಗಿಸಿ, ಮೇಲೆ ಬರುವ ಅಗಲ ಮಗ್ಗುಲಲ್ಲಿ ಕಿಟಕಿಯಂತೆ ಕೊಯ್ದರೆ ಕಿಟಕಿ ಕಟ್ಟೆಗೆ ಸರಿಹೋಗುವ ಕುಂಡ ಆಗುತ್ತದೆ. ಮುಚ್ಚಳ ಬಿಗಿ ಮಾಡಿ. ಅಂಚಿನಿಂದ ಎರಡು ಬೆರಳು ಬಿಟ್ಟು ಗೆರೆ ಹಾಕಿ, ನಾಲ್ಕು ಮೂಲೆಗಳನ್ನು ದುಂಡಗೆ ತಿರುಗಿಸಿ. ಚೂಪು ಮೂಲೆ ಬಿಟ್ಟರೆ ಸೀಳು ಅಲ್ಲಿಂದಲೇ ಶುರು. ಮೂಲೆಯಲ್ಲೊಂದು ತೂತು ಕೊರೆದು ಅದರಿಂದ ಬ್ಲೇಡು ನಡೆಸಿ, ಅಂಚನ್ನು 120 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಪೆಟ್ ಬಾಟ್ಲಿಯ ಅಂಚಾದರೆ ಕಡಿಮೆ ಶಾಖದ ಇಸ್ತ್ರಿಪೆಟ್ಟಿಗೆಗೆ, ನಡುವೆ ಕಾಗದ ಇಟ್ಟು, ಎರಡು ಮೂರು ಸೆಕೆಂಡ್ ಒತ್ತಿದರೆ ಒಳಕ್ಕೆ ಸುರುಳಿಯಾಗಿ ಮಡಚಿಕೊಳ್ಳುತ್ತದೆ. ಕೈ ಕೊಯ್ಯುವುದಿಲ್ಲ, ಬಾಯಿಯೂ ಗಟ್ಟಿಯಾಗುತ್ತದೆ.

ಹೆಚ್ಚಿನವರು ಎಡವುವುದು ತಳದ ತೂತಿನಲ್ಲಿ. ಮೊಳೆ ಕಾಯಿಸಿ ಹೊರಗಿನಿಂದ ಚುಚ್ಚಿದರೆ ಕರಗಿದ ಪ್ಲಾಸ್ಟಿಕ್ ಒಳಗಡೆ ಎದ್ದು ಪುಟ್ಟ ಬಾವಿಕಟ್ಟೆಯಂತೆ ನಿಲ್ಲುತ್ತದೆ. ಆ ಕಟ್ಟೆಯ ಎತ್ತರದವರೆಗೆ, ಅಂದರೆ ಎರಡು ಮೂರು ಮಿಲಿಮೀಟರು, ನೀರು ಹೊರಗೆ ಹೋಗದೆ ಸದಾ ನಿಂತಿರುತ್ತದೆ. ಬೇರು ಕೊಳೆಯಲು ಅಷ್ಟು ಸಾಕು. ಒಳಗಿನಿಂದ ಹೊರಕ್ಕೆ ಡ್ರಿಲ್ ಮಾಡಿ. ಡ್ರಿಲ್ ಇಲ್ಲದೆ ಮೊಳೆಯೇ ಗತಿಯಾದರೆ ಒಳಗೆ ಎದ್ದದ್ದನ್ನು ಬ್ಲೇಡಿನಿಂದ ಕೆತ್ತಿ ನೆಲಸಮ ಮಾಡಿ. ಆರು ಮಿಲಿಮೀಟರಿನ ಎಂಟು ತೂತು ಈ ಅಳತೆಗೆ ಸರಿ. ಕ್ಯಾನಿನ ಕೆಳಮಗ್ಗುಲು ಸಮತಟ್ಟಿದ್ದರೆ ತಟ್ಟೆಗೆ ಅಂಟಿ ತೂತು ಮುಚ್ಚುತ್ತದೆ, ಅದಕ್ಕೆ ಮೂರು ಬಾಟ್ಲಿ ಮುಚ್ಚಳಗಳನ್ನು ಕೆಳಗಿಟ್ಟು ಎತ್ತರಿಸಿ.

ತಳಕ್ಕೆ ಖಡಿ (ಜಲ್ಲಿಕಲ್ಲು) ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ, ಅದು ತಪ್ಪು. ನುಣುಪು ಮಣ್ಣಿನಿಂದ ದಪ್ಪ ಖಡಿಗೆ ನೀರು ತಾನಾಗಿ ಇಳಿಯುವುದಿಲ್ಲ. ಖಡಿಯ ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬಿದ ಮೇಲಷ್ಟೇ ಹನಿ ಬೀಳುತ್ತದೆ. ಐದಿಂಚು ಆಳದ ಕುಂಡದಲ್ಲಿ ಎರಡಿಂಚು ಖಡಿ ತುಂಬಿದರೆ ಬೇರಿಗೆ ಉಳಿಯುವುದು ಆ ಕೆಸರೇ. ತೂತುಗಳ ಮೇಲೆ ಒಂದು ಪದರ ತೆಂಗಿನ ನಾರು ಸಾಕು.

ಮಣ್ಣಿನ ವಿಷಯದಲ್ಲಿ ವಿಜಯಪುರ, ಬಾಗಲಕೋಟೆಯವರಿಗೆ ಒಂದು ತೊಡಕಿದೆ. ಬಿಳಿಜೋಳಕ್ಕೆ ಪ್ರಾಣವಾದ ಎರೆಮಣ್ಣು ಪ್ಲಾಸ್ಟಿಕ್ ಕುಂಡಕ್ಕೆ ವೈರಿ. ತೊಯ್ದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಡಬ್ಬಿಯ ಗೋಡೆ ಬಿಟ್ಟು ಈಚೆ ಬರುತ್ತದೆ. ಆಗ ಹಾಕಿದ ನೀರೆಲ್ಲ ಆ ಸಂದಿಯಿಂದ ಸರ‍್ರನೆ ತಟ್ಟೆಗೆ ಇಳಿಯುತ್ತದೆ. ತಟ್ಟೆ ತುಂಬಿದ್ದು ನೋಡಿ ಗಿಡ ಕುಡಿಯಿತು ಅಂದುಕೊಂಡರೆ, ನಡುವಿನ ಬೇರುಗಡ್ಡೆ ಒಣಕಲಾಗೇ ಇರುತ್ತದೆ. ಕ್ಯಾನೊಂದಕ್ಕೆ ಒಂದೂವರೆ ಲೀಟರ್ ಕೆಂಪು ಮಸಾರಿ ಮಣ್ಣು, ಒಂದು ಲೀಟರ್ ನೆನೆಸಿ ಹಿಂಡಿದ ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಅರ್ಧ ಲೀಟರ್ ಚೆನ್ನಾಗಿ ಕಳಿತ ಹೆಂಡಿಗೊಬ್ಬರ, ಅರ್ಧ ಲೀಟರ್ ದಪ್ಪ ಉಸುಕು ಹಿಡಿಸುತ್ತದೆ. ಎರೆಮಣ್ಣು ಬಿಟ್ಟರೆ ಬೇರೆ ಸಿಗದಿದ್ದರೆ ಒಟ್ಟು ಮಿಶ್ರಣದ ಐದನೇ ಒಂದು ಪಾಲು ಮೀರದಿರಲಿ. ಖಾನಾಪುರ ಕಡೆಯವರಿಗೆ ಭತ್ತದ ಹೊಟ್ಟು ಸುಲಭ, ಉಸುಕಿನ ಬದಲು ಅದೇ ನಡೆಯುತ್ತದೆ, ಹಗುರವೂ ಆಗುತ್ತದೆ. ಕೋಕೋಪಿಟ್ ಇಟ್ಟಿಗೆಯಲ್ಲಿ ಉಪ್ಪಿರುತ್ತದೆ. ನೆನೆಸಿ, ಹಿಂಡಿ, ಆ ಕಂದು ನೀರನ್ನು ಎರಡು ಸಲ ಚೆಲ್ಲಿ. ತೊಯ್ದ ಕುಂಡ ನಾಲ್ಕು ಕಿಲೋ ಮೀರುತ್ತದೆ, ದಾರದಲ್ಲಿ ನೇತುಹಾಕುವವರು ಇದನ್ನು ನೆನಪಿಡಬೇಕು.

ಕುಂಬಾರರ ಕುಂಡ ಗೋಡೆಯಿಂದಲೂ ಬೆವರುತ್ತದೆ. ಪ್ಲಾಸ್ಟಿಕ್ ಬೆವರುವುದಿಲ್ಲ. ಮಣ್ಣಿನ ಕುಂಡದ ರೂಢಿಯಲ್ಲಿ ದಿನಾ ನೀರು ಹಾಕಿದರೆ ಹದಿನೈದು ದಿನದಲ್ಲಿ ಎಲೆ ಹಳದಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಈ ಭಾಗದ ಬೋರಿನ ನೀರಿನಲ್ಲಿ ಲವಣ ಹೆಚ್ಚು, ಮಣ್ಣಿನ ಮೇಲೂ ಡಬ್ಬಿಯ ಅಂಚಿನಲ್ಲೂ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ಮೇಲಿನಿಂದ ಐದಾರು ಚರಗಿ ನೀರು ನಿಧಾನ ಸುರಿದು ತೊಳೆದು ಇಳಿಸಿ. ಮಳೆನೀರು ಹಿಡಿದಿದ್ದರೆ ಇನ್ನೂ ಉತ್ತಮ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಕ್ಕೆ ಹಾಕುವವರಿದ್ದಾರೆ. ಯಂತ್ರ ಬೇರ್ಪಡಿಸಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಊರಿಗೆ ಹೋಗುವವರು ಎರಡು ಲೀಟರಿನ ಪೆಟ್ ಬಾಟ್ಲಿಯಲ್ಲಿ ಬತ್ತಿ ಕುಂಡ ಮಾಡಿಕೊಳ್ಳಬಹುದು. ಬುಡದಿಂದ 13 ಸೆಂಟಿಮೀಟರಿಗೆ ಕೊಯ್ದು, ಮೇಲಿನ ಭಾಗವನ್ನು ಬೋರಲು ಮಾಡಿ ಕೆಳಗಿನದರಲ್ಲಿ ಕೂಡಿಸಿ. ಮುಚ್ಚಳದಲ್ಲಿ ಎಂಟು ಮಿಲಿಮೀಟರಿನ ತೂತು, ಅದರಲ್ಲಿ 20 ಸೆಂಟಿಮೀಟರಿನ ಬತ್ತಿ: ಅರ್ಧ ಮಣ್ಣಿನಲ್ಲಿ, ಅರ್ಧ ನೀರಿನಲ್ಲಿ. ಹಳೆಯ ಹತ್ತಿ ಸೀರೆಯ ಬತ್ತಿ ಚೆನ್ನಾಗಿ ನೀರೆಳೆದರೂ ಕೆಲವೇ ತಿಂಗಳಲ್ಲಿ ಕೊಳೆತು ತುಂಡಾಗುತ್ತದೆ. ಪಾಲಿಯೆಸ್ಟರ್ ಓಢಣಿಯ ಎರಡು ಬೆರಳಗಲದ ಪಟ್ಟಿ ಹೊಸೆದು ಹಾಕಿದರೆ ಬಾಳಿಕೆ ಬರುತ್ತದೆ. ಹಾಕುವ ಮೊದಲು ತೊಯಿಸಬೇಕು, ಒಣ ಬತ್ತಿ ನೀರೆಳೆಯಲು ಶುರುವೇ ಮಾಡುವುದಿಲ್ಲ.

ಬತ್ತಿ ಕುಂಡದ ತಳದ ನೀರು ಮತ್ತು ಬಾಟ್ಲಿಯ ನೀರಿನಲ್ಲಿ ಬೆಳೆಸುವ ಮನಿ ಪ್ಲಾಂಟ್, ಎರಡೂ ಡೆಂಗಿ ಸೊಳ್ಳೆಗೆ ಹೇಳಿಮಾಡಿಸಿದ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಸಂದಿಗೆ ಬಟ್ಟೆ ಪಟ್ಟಿ ಸುತ್ತಿ ಮುಚ್ಚಿ, ವಾರಕ್ಕೊಮ್ಮೆ ನೀರು ಚೆಲ್ಲಿ. ಚೆಲ್ಲಿದರಷ್ಟೇ ಸಾಲದು: ಏಡಿಸ್ ಎಂಬ ಈ ಸೊಳ್ಳೆಯ ಮೊಟ್ಟೆ ನೀರಿನ ಮಟ್ಟದ ಮೇಲೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಒಳಗೋಡೆಯನ್ನು ನಾರಿನಿಂದ ತಿಕ್ಕಬೇಕು. ನೀರು ತಿರುಗಿ ತುಂಬುವ ಹೊತ್ತಿಗೆ ಪಾಚಿ ಕಂಡರೆ ಹೊರಗೆ ಕಾಗದ ಸುತ್ತಿ ಬೆಳಕು ತಡೆಯಿರಿ.

ಭಂಗಾರದವರೂ ಒಯ್ಯದ ಸಾಮಾನೆಂದರೆ ಚಿಪ್ಸು, ಬಿಸ್ಕೀಟಿನ ಹೊಳೆಯುವ ಪಾಕೀಟು. ಪ್ಲಾಸ್ಟಿಕ್ಕಿಗೆ ಲೋಹದ ಪದರ ಕೂಡಿರುವುದರಿಂದ ಅದನ್ನು ಬಿಡಿಸಿ ಕರಗಿಸುವುದು ಕಷ್ಟ. ಇದಕ್ಕೊಂದು ಉಪಯೋಗ ಇದೆ. 20 ಲೀಟರಿನ ಪೇಂಟಿನ ಬಕೆಟ್ಟು ಒಳಾಂಗಣದ ಗಿಡಕ್ಕೆ ಅತಿ ಆಳ. ತೊಳೆದು ಒಣಗಿಸಿದ ಪಾಕೀಟುಗಳನ್ನು ಅರ್ಧ ಲೀಟರಿನ ಬಾಟ್ಲಿಗಳಲ್ಲಿ ಕೋಲಿನಿಂದ ಜಡಿದು ತುಂಬಿ, ಮುಚ್ಚಳ ಬಿಗಿದು, ಬಕೆಟ್ಟಿನ ತಳದಲ್ಲಿ ನಿಲ್ಲಿಸಿ. ಮೇಲೆ ಸೊಳ್ಳೆ ಪರದೆಯ ಎರಡು ಪದರ, ಅದರ ಮೇಲೆ ಮಣ್ಣು. ಬಕೆಟ್ಟು ಹಗುರಾಗುತ್ತದೆ, ಪಾಕೀಟು ಗಟಾರ ಸೇರುವುದಿಲ್ಲ. ಪಾಕೀಟಿನಲ್ಲಿ ತೇವ, ಎಣ್ಣೆ ಉಳಿದಿದ್ದರೆ ಬಾಟ್ಲಿ ಒಳಗೇ ನಾರಿ ಉಬ್ಬುತ್ತದೆ. ಪೇಂಟಿನ ಬಕೆಟ್ಟಿನಲ್ಲಿ ಕೊತ್ತಂಬರಿ, ಪುದೀನ ಬೇಡ. ತಿನ್ನುವ ಸೊಪ್ಪಿಗೆ ಆಹಾರ ತುಂಬಿ ಬಂದ ಡಬ್ಬಿಯೇ ಇರಲಿ.

ಬಣ್ಣ ಬೇಡವೆಂದರೆ ಚಂದ ಹೇಗೆ? ಎಚ್‌ಡಿಪಿಇಗೂ ಪಾಲಿಪ್ರೊಪಿಲೀನಿಗೂ ಬಣ್ಣ ಹೇಗಿದ್ದರೂ ಕಚ್ಚುವುದಿಲ್ಲ, ಉಗುರು ತಾಗಿದರೆ ಹೊಪ್ಪಳಿಕೆ ಏಳುತ್ತದೆ. ಗೋಣಿತಟ್ಟಿನ ಚೀಲ ಹೊಲಿದು ತೊಡಿಸಿ, ಅಥವಾ ಹರಿದ ಕೌದಿಯ ಗಟ್ಟಿ ಉಳಿದ ಭಾಗವನ್ನು ಅಂಗಿಯಂತೆ ಸುತ್ತಿ ಗುಂಡಿ ಹಾಕಿ. ಬಣ್ಣಬಣ್ಣದ ತೇಪೆಯ ಕೌದಿಯ ಮುಂದೆ ಯಾವ ಸ್ಪ್ರೇ ಪೇಂಟೂ ನಿಲ್ಲುವುದಿಲ್ಲ. ಕೊಳೆಯಾದರೆ ಬಿಚ್ಚಿ ಒಗೆಯಬಹುದು.

ಗಿಡಗಳಲ್ಲಿ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್, ಸಿಂಗೋನಿಯಮ್ ಇಲ್ಲಿನ ಒಣ ಗಾಳಿಗೂ ಜಗ್ಗುವುದಿಲ್ಲ. ಮನಿ ಪ್ಲಾಂಟ್ ಎಲೆ ಜಗಿದರೆ ಬಾಯಿ ಉರಿದು ಬಾತುಕೊಳ್ಳುತ್ತದೆ, ಅಂಬೆಗಾಲಿಡುವ ಮಗು ಇದ್ದರೆ ಎತ್ತರದಲ್ಲಿಡಿ. ಗಾಳಿ ಶುದ್ಧ ಮಾಡುತ್ತವೆ ಎಂಬ ಮಾತಿಗೆ ಮೂಲ ನಾಸಾದ 1989ರ ಪ್ರಯೋಗ, ಅದು ನಡೆದದ್ದು ಗಾಳಿಯಾಡದ ಪೆಟ್ಟಿಗೆಯಲ್ಲಿ. ಕಿಟಕಿ ತೆರೆದರೆ ಆಗುವಷ್ಟು ಕೆಲಸ ನಾಲ್ಕು ಕುಂಡಗಳಿಂದ ಆಗದು.

ವರ್ಷಕ್ಕೊಮ್ಮೆ, ಮಣ್ಣು ಬದಲಿಸುವಾಗ, ಖಾಲಿ ಡಬ್ಬಿಯ ಅಂಚನ್ನು ಹೆಬ್ಬೆರಳಿನಿಂದ ಬಾಗಿಸಿ ನೋಡಿ. ಬಾಗಿ ತಿರುಗಿ ನೆಟ್ಟಗಾದರೆ ಇನ್ನೊಂದು ವರ್ಷ ನಡೆಯುತ್ತದೆ. ಬಾಗಿದಲ್ಲಿ ಬಿಳಿ ಗೆರೆ ಮೂಡಿದರೆ ಪುಡಿಯಾಗುವ ತನಕ ಕಾಯಬೇಡಿ: ಗಿಡ ಬೇರೆಡೆ ಹಚ್ಚಿ, ಕೌದಿ ಬಿಚ್ಚಿ, ಡಬ್ಬಿಗೆ ಅಂಟಿದ ಬೇರು ತಿಕ್ಕಿ ತೊಳೆದು, ಒಣಗಿಸಿ, ಗಾಡಿ ಬಂದಾಗ ತಕ್ಕಡಿಗೆ ಹಾಕಿ.