ಕರಿ ಬಟ್ಟೆ ಮೇಲೆ ಬಿದ್ರಿ ಹೂವು: ದೀಪಾವಳಿಯಿಂದ ಯುಗಾದಿವರೆಗೆ

ದೀಪಾವಳಿ ಕಳೆದ ಮೇಲೆ

ಕ್ರಾಸ್ ಸ್ಟಿಚ್ ಹೊಲಿಯೋಕೆ ಕರಿ ಐದಾ ಬಟ್ಟೆ, ಅಂದರೆ ಚೌಕ ಚೌಕವಾಗಿ ನೇಯ್ದ ಬಟ್ಟೆ, ಬಂತು. 14 ಕೌಂಟ್, ಅಂದರೆ ಒಂದು ಇಂಚಿಗೆ 14 ಚೌಕ. ನಮ್ಮ ಬೀದರ್‌ನಲ್ಲಿ ಅಂಗಡಿಗೆ ಹೋಗಿ ಕೇಳಿದರೆ ಬಿಳಿ ಮ್ಯಾಟಿ ಬಟ್ಟೆ ತೆಗೆದು ಹಾಸುತ್ತಾರೆ. ಕರಿದು ಬೇಕು ಅಂದರೆ ಮುಖ ನೋಡುತ್ತಾರೆ. ಹಾಗಾಗಿ ಆನ್‌ಲೈನಿನಲ್ಲಿ ತರಿಸಿಕೊಂಡೆ.

ಮನೆ ಇರೋದು ಬೀದರ್‌ನಲ್ಲಿ. ಷೋಕೇಸಿನಲ್ಲಿ ಮದುವೆಗೆ ಬಂದ ಬಿದ್ರಿ ಹೂದಾನಿ, ಕರಿ ಲೋಹದ ಮೇಲೆ ಬೆಳ್ಳಿ ಕೂರಿಸಿದ್ದು. ಹೊಲಿಯೋದು ಮಾತ್ರ ಗಿಳಿ, ಗುಲಾಬಿ, ಹಿಮ ಬಿದ್ದ ಯಾವುದೋ ಊರಿನ ಮನೆ! ಈ ಸಲ ಬಿದ್ರಿ ಹೂವೇ ಆಗಲಿ ಅಂತ ಕೂತೆ.

ಯಾವ ಹೂವು ಅನ್ನೋದಕ್ಕೇ ಜಾಸ್ತಿ ಹೊತ್ತು ಹೋಯಿತು. ಬಿದ್ರಿಯ ಬಳ್ಳಿಗಳು ನೋಡಲು ಬಲು ಚಂದ. ಆದರೆ ಬಳ್ಳಿ ಬಾಗುತ್ತೆ, ಕ್ರಾಸ್ ಸ್ಟಿಚ್ ಬಾಗಲ್ಲ. ಚೌಕದ ಪಕ್ಕ ಚೌಕ ಇಟ್ಟು ಬಳ್ಳಿ ಎಳೆದರೆ ಮೆಟ್ಟಿಲು ಇಳಿದ ಹಾಗೆ ಕಾಣುತ್ತೆ. ಅದಕ್ಕೆ ಅಶ್ರಫಿ ಬೂಟಿ ಆರಿಸಿಕೊಂಡೆ. ನಾಣ್ಯದ ಹಾಗೆ ಗುಂಡಗಿನ ಒಂದೇ ಹೂವು ಸಾಲಾಗಿ ಬರುವ ನಮೂನೆ ಅದು. ಹೂದಾನಿ ಎದುರಿಗಿಟ್ಟುಕೊಂಡು ಗ್ರಾಫ್ ಹಾಳೆಯಲ್ಲಿ ಬಿಡಿಸಿದೆ. ಒಂದು ಹೂವಿಗೆ 30 ಚೌಕ, ಮೂರು ಸಾಲು, ಸಾಲಿಗೆ ಮೂರು ಹೂವು. ಹೂವಿನ ನಡುವೆ 6 ಚೌಕ ಖಾಲಿ, ಸುತ್ತ 12 ಚೌಕದ ಅಂಚು. ಒಟ್ಟು 126 ಚೌಕ ಬಂತು, ಅಂದರೆ ಸರಿಯಾಗಿ 9 ಇಂಚು. ಫ್ರೇಮಿಗೆ ಅಂತ ನಾಲ್ಕೂ ಕಡೆ 3 ಇಂಚು ಬಿಟ್ಟು 15 ಇಂಚಿಗೆ ಕತ್ತರಿಸಿ, ಎಳೆ ಬಿಚ್ಚದ ಹಾಗೆ ಮಷೀನಿನಲ್ಲಿ ಸುತ್ತ ಜಿಗ್‌ಜಾಗ್ ಹೊಡೆದೆ.

ಹಿತ್ತಲಲ್ಲಿ ಚೆಂಡು ಹೂವು ಮುಗಿದ ಜಾಗ ಅಗೆದು ಮೆಂತ್ಯ, ಕೊತ್ತಂಬರಿ ಬಿತ್ತಿದ್ದೇನೆ. ನಮ್ಮದು ಕೆಂಪು ಮಣ್ಣು, ನೀರು ಹಾಕಿದಷ್ಟೂ ಕೆಳಗೆ ಇಳಿದು ಹೋಗುತ್ತೆ. ಸಗಣಿ ಗೊಬ್ಬರ ಬೆರೆಸದಿದ್ದರೆ ಸೊಪ್ಪು ಮೇಲೇಳಲ್ಲ.

ಚಳಿ ಶುರುವಾದಾಗ

ಕರಿ ಬಟ್ಟೆಯ ದೊಡ್ಡ ತಾಪತ್ರಯ ಅಂದರೆ ತೂತು ಕಾಣಲ್ಲ. ಬಿಳಿ ಬಟ್ಟೆಯಲ್ಲಿ ಟಿವಿ ನೋಡುತ್ತಾ ಹೊಲಿಯಬಹುದು. ಇದರಲ್ಲಿ ಸೂಜಿ ಮೊನೆ ಬಟ್ಟೆ ಮೇಲೆ ಸುಮ್ನೆ ಜಾರಾಡುತ್ತೆ. ಉಪಾಯ ಹಳೆಯದೇ: ತೊಡೆ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಎತ್ತಿ ಹಿಡಿಯಬೇಕು. ಕೆಳಗಿನ ಬಿಳುಪು ಒಂದೊಂದು ತೂತಿನಿಂದಲೂ ಇಣುಕುತ್ತೆ. ಮೊಂಡು ಮೊನೆಯ 24 ನಂಬರ್ ಸೂಜಿ ಆಗ ತಾನಾಗಿ ದಾರಿ ಹುಡುಕಿಕೊಳ್ಳುತ್ತೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಈ ಆಟ ನಡೆಯಲ್ಲ. ಹಾಗಾಗಿ ಹೊಲಿಗೆ ಏನಿದ್ದರೂ ಬೆಳಗಿನ ರೊಟ್ಟಿ ಮುಗಿದ ಮೇಲೆ, ಹಿತ್ತಲ ಕಟ್ಟೆಗೆ ಬಿಸಿಲು ಬಂದಾಗ.

ನಮ್ಮ ಅತ್ತೆಗೆ ಇದು ಸರಿಬರಲ್ಲ. "ಹಗಲಿ ಬಿಸಿಲಾಗ ಕುಂತು ಕರಿ ಅರಿವಿ ನೋಡಿ ನೋಡಿ ಕಣ್ಣ ಕಳ್ಕೊಂತಿ ನೋಡವ್ವ" ಅಂತಾರೆ. ಅಂದುಕೊಂಡೇ ಪಕ್ಕದಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಾರೆ.

ನಮ್ಮೂರ ಹಳೇ ಗೋಪುರ ಚೌಬಾರಾ ಹತ್ತಿರದ ಓಣಿಯಲ್ಲಿ ಬಿದ್ರಿ ಕೆಲಸ ನೋಡಲು ಹೋಗಿದ್ದೆ. ಬಣ್ಣ ಹೊಂದಿಸಿಕೊಳ್ಳೋಣ ಅಂತ ಹೋದದ್ದು, ತಿಳಿದದ್ದು ಬೇರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂದಾನಿ ಮೊದಲು ಬೂದು ಬಣ್ಣದ್ದೇ. ಅದರ ಮೇಲೆ ಗೀರಿದರೆ ಗೆರೆ ಕಾಣಲ್ಲ. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಉಳಿಯಿಂದ ಕೆತ್ತಿದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಕೂರಿಸುತ್ತಾರೆ. ಅಲ್ಲಿದ್ದವರ ಕೈ ನೋಡಬೇಕು. ಒಂದು ಕೈ ತಂತಿಯನ್ನು ಗೆರೆ ಹಿಡಿದು ಬಗ್ಗಿಸುತ್ತಾ ಹೋಗುತ್ತೆ, ಇನ್ನೊಂದು ಕೈ ತಟ್ಟುತ್ತಾ ಹಿಂದೆಯೇ ಬರುತ್ತೆ. ಮೂಲೆ ಬಂದಾಗ ಉಳಿಯಿಂದ ತಂತಿ ಕಡಿದು ಮತ್ತೆ ಶುರು. ಆಮೇಲೆ ಪೂರ್ತಿ ಉಜ್ಜಿ ನುಣುಪು ಮಾಡಿದಾಗ ಆ ಮೊದಲಿನ ಕಪ್ಪೆಲ್ಲ ಹೋಗಿಬಿಡುತ್ತೆ. ಬೆಳ್ಳಿಯೂ ಸತುವೂ ಒಂದೇ ಥರ ಕಂಡು ಹೂವೇ ಮಾಯ! ಕೊನೆಗೆ ಕೋಟೆ ಮಣ್ಣಿಗೆ ನವಸಾಗರ ಹಾಕಿ ನೀರಲ್ಲಿ ಕಾಯಿಸಿ ಅದರಲ್ಲಿ ಹಾಕಿದಾಗ ಮೈಯೆಲ್ಲ ಕಡುಗಪ್ಪಾಗುತ್ತೆ, ಬೆಳ್ಳಿಗೆ ಏನೂ ಆಗಲ್ಲ. ಮೇಲೆ ಒಂದಿಷ್ಟು ಎಣ್ಣೆ ಒರೆಸಿದರೆ ಮುಗಿಯಿತು.

"ಬೆಳ್ಳಿ ಮಿಂಚಬೇಕಂದ್ರ ಮದಲ ಕರಿ ಚಲೋ ಆಗಬೇಕ್ರೀ ಅಕ್ಕಾ" ಅಂದರು ಆ ಕೆಲಸಗಾರರು.

ಮನೆಗೆ ಬಂದು ಗ್ರಾಫ್ ಹಾಳೆಯನ್ನು ತಿರುಗಿ ತೆಗೆದೆ. ಹೂವಿನ ಎಸಳು ತುಂಬಿಸಿದ್ದ ಕಡೆ ಅರ್ಧದಷ್ಟು ಚೌಕ ಅಳಿಸಿದೆ. ಎಸಳಿಗೂ ಎಸಳಿಗೂ ನಡುವೆ ಒಂದು ಚೌಕ ಖಾಲಿ, ನಡುಗುಂಡಿನ ಸುತ್ತ ಒಂದು ಸುತ್ತು ಖಾಲಿ. ಕರಿ ಬಟ್ಟೆಯೇ ಅರ್ಧ ಕೆಲಸ ಮಾಡಲಿ. ಹೊಲಿಗೆಯೂ ಕಮ್ಮಿ ಆಯ್ತು, ಅದು ಬೇರೆ ಲಾಭ.

ಎಳ್ಳಮಾವಾಸ್ಯೆ

ಹೊಲಿಗೆ ಇಲ್ಲ. ಮೆಂತ್ಯವೆಲ್ಲ ಭಜ್ಜಿಗೆ, ಅಂದರೆ ಸೊಪ್ಪು ಕಾಳು ಕೂಡಿಸಿ ಮಾಡೋ ಪಲ್ಯಕ್ಕೆ, ಹೋಯಿತು. ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡು ಬಂದ ಮೇಲೆ ಸೂಜಿ ಹಿಡಿಯೋರು ಯಾರು?

ಸಂಕ್ರಾಂತಿ ಆಚೆ ಈಚೆ

ದಾರದ ವಿಷಯ ತೀರ್ಮಾನ ಆಯಿತು. ಬೆಳ್ಳಿ ಅಂದ ಮೇಲೆ ಬೆಳ್ಳಿ ಜರಿ ದಾರವೇ ಬೇಕು ಅಂತ ಎಲ್ಲರೂ ಹೇಳಿದರು, ನನ್ನ ಮಗಳು ಸೇರಿ. ಬಟ್ಟೆ ಅಂಚಿನ ತುಂಡಲ್ಲಿ ಜರಿ ದಾರ, ಹತ್ತಿ ದಾರ ಎರಡೂ ಹಾಕಿ ನೋಡಿದೆ. ಜರಿ ದಾರ ಒಂದು ಮೊಳಕ್ಕಿಂತ ಉದ್ದ ತೆಗೆದುಕೊಂಡರೆ ಸೂಜಿ ಕಣ್ಣಿನ ಹತ್ತಿರವೇ ನಾರು ಬಿಚ್ಚುತ್ತೆ. ಜೇನುಮೇಣ ಸವರಿದರೆ ಸ್ವಲ್ಪ ತಡೆಯುತ್ತೆ. ಅದೂ ಹೋಗಲಿ, ನೋಟವೇ ಸರಿ ಇಲ್ಲ. ಜರಿ ಎಲ್ಲ ಕಡೆಯಿಂದಲೂ ಮಿಣಮಿಣ ಅನ್ನುತ್ತೆ. ಬಿದ್ರಿ ಬೆಳ್ಳಿ ಹಾಗಲ್ಲ. ಎದುರಿನಿಂದ ತಣ್ಣಗಿನ ಬೂದು, ಓರೆ ಹಿಡಿದಾಗ ಮಾತ್ರ ಬೆಳಗುತ್ತೆ.

ಹಾಗಾಗಿ ಸಾದಾ ಹತ್ತಿ ದಾರ. ಡಿಎಂಸಿ ಕಂಪನಿ ದಾರದ ಮೂರು ಬೂದು, ನಂಬರ್ ಹಿಡಿದು: 762 ತಿಳಿ, 415 ನಡುವಿನದು, 318 ಗಾಢ. ಎಸಳಿನ ಹೊಟ್ಟೆಗೆ 415, ಬೆಳಕು ಬೀಳುವ ತುದಿಗೆ 762, ನಡುಗುಂಡಿನ ಹತ್ತಿರ 318. ಶುದ್ಧ ಬಿಳಿ ಎಲ್ಲೂ ಇಲ್ಲ. ಕಪ್ಪಿನ ಮೇಲೆ ಬಿಳಿ ಹಾಕಿದರೆ ರಂಗೋಲಿ ಆಗುತ್ತೆ, ಬಿದ್ರಿ ಆಗಲ್ಲ. ಮಗಳು ಈಗಲೂ ಒಪ್ಪಿಲ್ಲ.

ಒಂದು ಲಡಿ 8 ಮೀಟರ್, ಅದರಲ್ಲಿ 6 ಎಳೆ. ಎರಡೆಳೆಯಲ್ಲಿ ಹೊಲಿಯೋದರಿಂದ 24 ಮೀಟರ್ ಕೆಲಸಕ್ಕೆ ಬರುತ್ತೆ. ಗಂಟು ಹಾಕಲ್ಲ. ಒಂದೇ ಎಳೆಯನ್ನು ಮಡಚಿ ಎರಡು ತುದಿ ಸೂಜಿಗೆ ಪೋಣಿಸಿದರೆ ಹಿಂದೆ ಕುಣಿಕೆ ಉಳಿಯುತ್ತಲ್ಲ, ಮೊದಲ ಅಡ್ಡ ಕಾಲು, ಅಂದರೆ ಕ್ರಾಸಿನ ಒಂದು ಓರೆ ಗೆರೆ, ಹಾಕಿ ವಾಪಸ್ ಬರುವಾಗ ಅದರೊಳಗೆ ಸೂಜಿ ತೂರಿಸಿ ಎಳೆದರೆ ಬಿಗಿಯಾಗುತ್ತೆ. ಧಾರವಾಡದ ಕಸೂತಿಯಲ್ಲೂ ಗಂಟು ಹಾಕಲ್ಲ. ಅಲ್ಲಿ ಗವಂತಿ, ಮುರಗಿ, ನೇಗಿ ಜೊತೆಗೆ ಬರುವ ಮೆಂತಿ ಹೊಲಿಗೆ ನಮ್ಮ ಈ ಕ್ರಾಸ್ ಸ್ಟಿಚ್ಚೇ. ಮೇಲಿನ ಕಾಲು ಎಲ್ಲ ಹೂವಿಗೂ ಒಂದೇ ದಿಕ್ಕಿಗೆ ಬರಬೇಕು. ಬೂದು ದಾರದಲ್ಲಿ ಇದು ಇನ್ನೂ ಮುಖ್ಯ, ಯಾಕಂದರೆ ದಿಕ್ಕು ಬದಲಾದರೆ ಬೆಳಕು ಬೀಳೋದೇ ಬದಲಾಗಿ ಬಣ್ಣ ಬೇರೆ ಕಾಣುತ್ತೆ.

ಶಿವರಾತ್ರಿ ಕಳೆದು

ಮೊದಲ ಎರಡು ಸಾಲು ಮುಗಿದವು. ಈಗ ಬಿಸಿಲು ಜೋರಾಗುತ್ತಿದೆ. ಕಲಬುರಗಿಯ ತಂಗಿ ಫೋನ್ ಮಾಡಿ "ನಿಮ್ಮೂರು ತಂಪು ಬಿಡಕ್ಕ" ಅಂತಾಳೆ. ಬೀದರ್ ಎತ್ತರದಲ್ಲಿದೆ ನಿಜ, ಆದರೂ ಹತ್ತು ಗಂಟೆ ಆದ ಮೇಲೆ ಕಟ್ಟೆ ಮೇಲೆ ಕೂರಲು ಆಗಲ್ಲ. ಬೆವರಿದ ಕೈಗೆ ತಿಳಿ ಬೂದು ದಾರ ಬೇಗ ಕೊಳೆಯಾಗುತ್ತೆ. ಹಾಗಾಗಿ ಕೈ ತೊಳೆದು ಬೆಳಗ್ಗೆ ಬೇಗ ಕೂರುತ್ತೇನೆ. ರೊಟ್ಟಿ ಆಮೇಲೆ. ಮನೆಯವರು ಒಂದೆರಡು ದಿನ ಗೊಣಗಿ ಸುಮ್ಮನಾದರು.

ನುಗ್ಗೆ ಗಿಡ ಹೂ ಬಿಟ್ಟಿದೆ. ಪಾತ್ರೆ ತೊಳೆದ ನೀರೆಲ್ಲ ಅದಕ್ಕೇ. ಟೊಮೆಟೊ ಮಾತ್ರ ಮಂಗಗಳ ಪಾಲು. ಹಣ್ಣಾಗುವ ಮುಂಚೆಯೇ ಕಿತ್ತು, ಒಂದು ಕಚ್ಚು ಕಚ್ಚಿ, ಕಾಂಪೌಂಡ್ ಮೇಲೆ ಸಾಲಾಗಿ ಇಟ್ಟು ಹೋಗುತ್ತವೆ. ತಿಂದರೂ ಬೇಜಾರಿರಲಿಲ್ಲ, ಅಲ್ವಾ?

ಯುಗಾದಿ

ಒಂಬತ್ತೂ ಹೂವು ಆದವು. ಅಂಚಿನಲ್ಲಿ ಬಲಗಡೆ ಒಂದು ಬದಿ ಬಾಕಿ ಇದೆ. ಆಮೇಲೆ ಎಸಳಿನ ಸುತ್ತ 762ರ ಒಂದೇ ಎಳೆಯಲ್ಲಿ ಬ್ಯಾಕ್ ಸ್ಟಿಚ್. ಉಳಿಯಿಂದ ಕೆತ್ತಿದ ಗೆರೆಯ ಚೂಪು ಅದರಿಂದಲೇ ಬರಬೇಕು. ಅಲ್ಲಿ ಇಲ್ಲಿ ಹಾಕಿ ನೋಡಿದ್ದೇನೆ, ಮೆಟ್ಟಿಲು ಮೆಟ್ಟಿಲಾಗಿದ್ದ ಎಸಳು ಗುಂಡಗಾಗಿ ಕಾಣುತ್ತಿದೆ. ಫ್ರೇಮ್ ಹಾಕಿಸೋದು ಅಂತ ನಾನು, ತೆಕ್ಕೆದಿಂಬಿಗೆ ಹಾಕು ಅಂತ ಅತ್ತೆ. ಕೂತು ಒರಗಿದರೆ ಬೂದು ದಾರದ ಗತಿ ಏನು? ಫ್ರೇಮೇ.

ಮುಂದೆ ಹೊಲಿಯೋದು ನಮ್ಮೂರಿನ ಮಹಮೂದ್ ಗವಾನ್ ಮದರಸಾ. 1472ರ ಕಟ್ಟಡ. ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸಿಡಿದು ಮುಂಭಾಗದ ಅರ್ಧ ಹೋಗಿದೆ, ಉಳಿದದ್ದು ಒಂದೇ ಮಿನಾರು. ಅದರ ಮೈಮೇಲೆ ಹೆಂಚಿನ ತುಂಡುಗಳಲ್ಲಿ ಮಾಡಿದ ಅಂಕುಡೊಂಕು ಪಟ್ಟಿ ಇದೆಯಲ್ಲ, ಅದು ಕ್ರಾಸ್ ಸ್ಟಿಚ್‌ಗೆಂದೇ ಹುಟ್ಟಿದ ಹಾಗಿದೆ. ಎಲ್ಲೂ ಬಾಗಲ್ಲ, ಎಲ್ಲ ಓರೆ ಗೆರೆ. ಅದಕ್ಕೆ ಇಲ್ಲಿನ ಅಂಗಡಿಯ ಬಿಳಿ ಮ್ಯಾಟಿಯೇ ಸಾಕು, ಕಣ್ಣಿಗೂ ಆರಾಮ. ನೀಲಿ ದಾರ ಮೂರು ಬಗೆಯದು ಮನೆಯಲ್ಲಿದೆ, ಹಸಿರು ಮತ್ತು ಹಳದಿ ತರಬೇಕು. ಮಳೆಗಾಲದ ಮೋಡದಲ್ಲಿ ಬೆಳಕು ಕಮ್ಮಿ ಆಗುವ ಮುಂಚೆ ಅಲ್ಲಿಗೆ ಹೋಗಿ ಫೋಟೊ ತೆಗೆದು, ಪಟ್ಟಿಯ ಲೆಕ್ಕ ಗ್ರಾಫಿಗೆ ಇಳಿಸಬೇಕು. ಮಗಳು ಬರುತ್ತೇನೆ ಅಂದಿದ್ದಾಳೆ, ಪರೀಕ್ಷೆ ಮುಗಿಯಲಿ.