ಬ್ಯಾಗ್ ಕಾಯೋರು

ಭಾನುವಾರದಿಂದ ಒಂದು ಮಾತು ಕಿವಿಯಲ್ಲೇ ಕೂತಿದೆ. ನಾನು ಹೇಳಿದ್ದು ಇಷ್ಟೇ: "ಅಕ್ಕ ದಡದಲ್ಲೇ ಇರ್ಲಿ ಬಿಡು, ಬ್ಯಾಗ್ ನೋಡ್ಕೊಳ್ತಾಳೆ." ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಯೋಚಿಸಿ ಹೇಳಿದ್ದೂ ಅಲ್ಲ. ಬಾಯಿಗೆ ರೂಢಿಯಾಗಿತ್ತು. ಅಕ್ಕ ಬುತ್ತಿ ಚೀಲದ ಬಾಯಿ ಕಟ್ಟುತ್ತಾ, ತಲೆ ಎತ್ತದೆ ಅಂದಳು, "ನಲವತ್ತು ವರ್ಷದಿಂದ ನಿಮ್ಮೆಲ್ಲರ ಬ್ಯಾಗ್ ಕಾದಿದ್ದೀನಿ ಕಣೋ. ಇವತ್ತೊಂದಿನ ನೀನು ಕಾಯ್ಕೊಂಡಿರು."

ಶೆಟ್ಟಿಹಳ್ಳಿ ಹತ್ರ, ಹೇಮಾವತಿ ಹಿನ್ನೀರಿನ ದಡ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಆ ಹಳೇ ಚರ್ಚು ನಿಮಗೆಲ್ಲ ಗೊತ್ತೇ ಇದೆ. ಈಗ ನೀರು ಇಳೀತಾ ಇದೆ, ಗೋಡೆ ಅರ್ಧ ಕಾಣುತ್ತೆ. ನಾವು ಹೋಗಿದ್ದು ಚರ್ಚ್ ನೋಡೋಕಲ್ಲ, ನನ್ನ ಭಾಮೈದನ ದೋಣಿ ನೋಡೋಕೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯಲ್ಲಿ ಬಾಡಿಗೆಗಿರೋ ಮನುಷ್ಯ ದೋಣಿ ತಗೊಂಡಿದ್ದಾನೆ ಅಂದ್ರೆ ಯಾರು ನಂಬ್ತಾರೆ? ಅವನ ಮನೇಲಿ ಒಂದು ಸಲ ಬಿಚ್ಚಿದ ಟೆಂಟಿದೆ, ಒಂದು ಸಲ ಚಂದ್ರನ್ನ ನೋಡಿದ ದೂರದರ್ಶಕ ಇದೆ. ಇದೂ ಅದೇ ಸಾಲಿಗೆ ಸೇರುತ್ತೆ ಅಂದ್ಕೊಂಡಿದ್ದೆ.

ಕಾರಿನ ಡಿಕ್ಕಿಯಿಂದ ಒಂದು ಚೀಲ ಇಳಿಸಿದ. ಹೆಚ್ಚೆಂದರೆ 15 ಕೆಜಿ. ಬಿಚ್ಚಿದರೆ ಹಳದಿ ಬಣ್ಣದ ದಪ್ಪ ಪಿವಿಸಿ ಹಾಳೆ. ಎಡಕ್ಕೊಂದು, ಬಲಕ್ಕೊಂದು, ತಳಕ್ಕೊಂದು, ಮೂರು ಗಾಳಿ ಕೋಣೆ. ಒಂದು ತೂತಾದರೂ ಉಳಿದೆರಡು ತೇಲಿಸುತ್ತವೆ ಅಂತ ಭಾಷಣ ಶುರು ಮಾಡಿದ. ಮೇಲೆ ಎಳೆದರೂ ಕೆಳಗೆ ಒತ್ತಿದರೂ ಗಾಳಿ ಹೋಗುವ ಪಂಪು. ಹತ್ತು ನಿಮಿಷಕ್ಕೆ ಇಬ್ಬರು ಕೂರೋ ಕಯಾಕ್ ತಯಾರ್. ಬಿಸಿಲಲ್ಲಿ ಗಾಳಿ ಹಿಗ್ಗುತ್ತೆ, ಹಾಗಾಗಿ ಬಿಗಿಯಾಗಿ ತುಂಬಿ ದಡದಲ್ಲಿ ಒಣಗಿಸಬಾರದಂತೆ. ತಣ್ಣೀರಿಗೆ ಇಳಿಸಿದ್ಮೇಲೆ ಮೆತ್ತಗಾಗುತ್ತೆ, ಆಗ ಇನ್ನೊಂದಿಷ್ಟು ಹಾಕಬೇಕಂತೆ. ಹುಡುಗ ಈ ಸಲ ನಿಜವಾಗ್ಲೂ ಓದ್ಕೊಂಡು ಬಂದಿದ್ದ.

ಪಕ್ಕದಲ್ಲಿ ಬಲೆ ಬಿಡಿಸ್ತಾ ಕೂತಿದ್ದ ತೆಪ್ಪದ ಅಜ್ಜ ಎದ್ದು ಬಂದು ಬೆರಳಲ್ಲಿ ಒತ್ತಿ ನೋಡಿದರು. "ಗಾಳಿನೇ ಏನಪ್ಪಾ ಇದ್ರಲ್ಲಿರೋದು?" "ಹೌದು ಅಜ್ಜ." "ದುಡ್ಡು ಕೊಟ್ಟು ಗಾಳಿ ಮೇಲೆ ಕೂರ್ತೀರಲ್ಲ!" ಆಮೇಲೆ ತಾವೇ ನಕ್ಕು, "ನಾವೂ ಲಾರಿ ಟ್ಯೂಬಲ್ಲೇ ಈಜು ಕಲ್ತಿದ್ದು ಬಿಡಿ" ಅಂದರು. ಮುಳ್ಳು, ನೀರೊಳಗಿನ ಮರದ ಬೊಡ್ಡೆ ಎಲ್ಲೆಲ್ಲಿವೆ ಅಂತ ಅವರೇ ತೋರಿಸಿದರು. ಯೂಟ್ಯೂಬಲ್ಲಿ ಅದಿರಲ್ಲ.

ನಾನು ಆ ಮಾತು ಅಂದಿದ್ದು ಆವಾಗಲೇ.

ಅಕ್ಕನ ಬಲಗಾಲಿಗೆ ಪೋಲಿಯೊ. ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ, ಅವಳಿಗೆ ಬಂದಿದ್ದು ಅದಕ್ಕೆ ಎಷ್ಟೋ ವರ್ಷ ಮುಂಚೆ. ಎಲ್ಲಿಗೆ ಹೋದರೂ ಅವಳು ಬ್ಯಾಗ್ ಪಕ್ಕ. ಮುಳ್ಳಯ್ಯನಗಿರಿಯಲ್ಲಿ ಮೆಟ್ಟಿಲ ಕೆಳಗೆ, ಕಾರೊಳಗೆ. 2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋದಾಗ, 600ಕ್ಕೂ ಜಾಸ್ತಿ ಮೆಟ್ಟಿಲು ನಾವು ಹತ್ತಿದೆವು, ನಮ್ಮ ಚಪ್ಪಲಿಗಳ ರಾಶಿ ಜೊತೆ ಅವಳು ಕೆಳಗೆ. ಡೋಲಿ ಮಾಡೋಣ ಅಂದ್ರೆ, "ಹೊತ್ಕೊಂಡು ಹೋಗೋ ದಿನ ಹೆಂಗೂ ಬರುತ್ತೆ, ಈಗ್ಲೇ ಬೇಡ" ಅಂದಿದ್ದಳು. ನಾವೆಲ್ಲ ನಕ್ಕಿದ್ದೆವು. ಅವಳು ನಕ್ಕಿದ್ದಳಾ? ನೆನಪಿಲ್ಲ. ಹೋದ ವರ್ಷ ಬೋಟಿಂಗ್ ಇರೋ ಒಂದು ಜಾಗದಲ್ಲಿ ಟಿಕೆಟ್ ಕೊಡುವವನು ಅವಳ ಕಾಲು ನೋಡಿ, "ಅಮ್ಮೋರು ದಡದಲ್ಲೇ ಇರ್ಲಿ ಸಾರ್" ಅಂದಿದ್ದ. ಅವನ ಮೇಲೆ ಉರಿದುಬಿದ್ದಿದ್ದೆ. ಈಗ ನೋಡಿದ್ರೆ ಅವನ ಮಾತೇ ನನ್ನ ಬಾಯಲ್ಲಿ.

ಅವನದೂ ಪೂರ್ತಿ ತಪ್ಪಲ್ಲ ಬಿಡಿ. ಅಲ್ಲಿ ಮೆಟ್ಟಿಲಿಳಿದು, ಅಲ್ಲಾಡೋ ದೋಣಿಗೆ ಒಂದೇ ಕಾಲಲ್ಲಿ ದಾಟಬೇಕಿತ್ತು. ತೆಪ್ಪವೂ ಅಷ್ಟೇ. ಅಂಚಿಗೆ ಕಾಲಿಟ್ಟರೆ ವಾಲುತ್ತೆ, ಸೀದಾ ನಡುಮಧ್ಯಕ್ಕೆ ಹೆಜ್ಜೆ ಹಾಕ್ಬೇಕು. ನೆಟ್ಟಗಿರೋ ಕಾಲಿಗೇ ಅದು ಕಷ್ಟ.

ಆದರೆ ಈ ಕಯಾಕ್ ನೀರಲ್ಲೇ ಇರಬೇಕು ಅಂತಿಲ್ಲವಲ್ಲ! ಭಾಮೈದ ಅದನ್ನ ಕಲ್ಲಿಲ್ಲದ ಕೆಸರಿನ ಮೇಲೆ ಎಳೆದಿಟ್ಟ. "ಬನ್ನಿ ಅಕ್ಕ, ಸೋಫಾ ಮೇಲೆ ಕೂತ್ಕೊಳ್ಳಿ." ಅಕ್ಕ ಮೊದಲು ಕ್ಯಾಲಿಪರ್, ಅಂದ್ರೆ ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳೋ ಪಟ್ಟಿ, ಬಿಚ್ಚಿದಳು. ಅದರ ಕಬ್ಬಿಣದ ಕಂಬಿ ಪಿವಿಸಿಗೆ ತಾಗಬಾರದು, ನೀರಿಗೆ ಬಿದ್ದರೆ ಭಾರವೂ ಹೌದು. ನಾಲ್ಕು ಬೆಲ್ಟು, ಒಂದೊಂದಾಗಿ. ಹೊರಗಡೆ ಅವಳು ಅದನ್ನು ಬಿಚ್ಚಿದ್ದು ನಾನು ನೋಡಿದ್ದು ಅದೇ ಮೊದಲು. ಲೈಫ್ ಜಾಕೆಟ್ ಹಾಕ್ಕೊಂಡು, ಉಬ್ಬಿದ ಅಂಚಿನ ಮೇಲೆ ಕೂತಳು. ತಿರುಗಿ ಎಡಗಾಲು ಒಳಗಿಟ್ಟಳು. ಬಲಗಾಲನ್ನು ಎರಡೂ ಕೈಲಿ, ಮಗು ಎತ್ತಿ ಮಲಗಿಸೋ ಹಾಗೆ, ಎತ್ತಿ ಒಳಗಿಟ್ಟಳು. ಯಾರೂ ಅವಳನ್ನ ಮುಟ್ಟಲಿಲ್ಲ. ಭಾಮೈದ ಹಿಂದೆ ಹತ್ತಿದ. ಅಜ್ಜ, ನಾನು ಸೇರಿ ತಳ್ಳಿದ್ವಿ. ಸುಯ್ಯಂತ ಜಾರಿಕೊಂಡು ಹೋಯ್ತು.

ಮೊದಲು ಎರಡೂ ಕಡೆ ಅಂಚು ಬಿಗಿಯಾಗಿ ಹಿಡ್ಕೊಂಡಿದ್ದಳು. ಆಮೇಲೆ ಒಂದು ಕೈ ನೀರಿಗಿಟ್ಟಳು. ಆಮೇಲೆ ಹುಟ್ಟು ಕೇಳಿ ಇಸ್ಕೊಂಡಳು. ಕೋಲು ಊರಿ ಊರಿ ಅವಳ ತೋಳು ನಮ್ಮಿಬ್ಬರಿಗಿಂತ ಗಟ್ಟಿ. ಎರಡು ಕಡೆ ಅಲಗಿರೋ ಹುಟ್ಟು, ಎಡ, ಬಲ, ಎಡ, ಬಲ. ಕಾಲಿಗೆ ಅಲ್ಲಿ ಏನೂ ಕೆಲಸವಿಲ್ಲ. ದಡದಿಂದ ನೋಡಿದರೆ ಯಾರ ಕಾಲು ಹೇಗಿದೆ ಅಂತ ಗೊತ್ತೇ ಆಗಲ್ಲ, ಸೊಂಟದಿಂದ ಮೇಲೆ ಇಬ್ಬರು ಮನುಷ್ಯರು, ಅಷ್ಟೇ. ಅಜ್ಜ ಸುಮ್ನೆ ತೆಪ್ಪ ಬಿಟ್ಕೊಂಡು ಪಕ್ಕದಲ್ಲೇ ಹೋದರು. ಗಾಳಿ ಎದ್ದರೆ ಇಷ್ಟು ಹಗುರದ್ದು ಎಲ್ಲಿಗೋ ಹೋಗುತ್ತೆ ಅಂತ ಅವರಿಗೆ ಅನುಮಾನ.

ನಾನು ದಡದಲ್ಲಿ. ಮೂರು ಬ್ಯಾಗು, ನಾಲ್ಕು ಚಪ್ಪಲಿ, ಒಂದು ಊರುಗೋಲು, ಒಂದು ಕ್ಯಾಲಿಪರ್. ಹತ್ತೇ ನಿಮಿಷಕ್ಕೆ ಬೇಜಾರು ಬಂತು. ಅವರು ಅಲ್ಲಿ ಏನೋ ಹೇಳ್ಕೊಂಡು ಜೋರಾಗಿ ನಗ್ತಿದ್ದಾರೆ, ನನಗೆ ಕೇಳಲ್ಲ. ಬಂದಮೇಲೆ ಕೇಳಿದರೆ "ಏನಿಲ್ಲ ಬಿಡು" ಅಂತಾರೆ, ಗೊತ್ತು. ನಾವೂ ಬೆಟ್ಟ ಇಳಿದು ಬಂದಾಗ ಅವಳಿಗೆ ಹಾಗೇ ಅಂತಿದ್ವಿ. ಫೋನ್ ತೆಗೆದರೆ ಸಿಗ್ನಲ್ ಇಲ್ಲ. ಕ್ಯಾಲಿಪರ್ ಎತ್ತಿ ನೋಡಿದೆ. ಇಷ್ಟು ವರ್ಷ ಪಕ್ಕದಲ್ಲೇ ಓಡಾಡಿದ್ದೀನಿ, ಅದು ಅಷ್ಟು ತೂಕ ಅಂತ ಗೊತ್ತೇ ಇರಲಿಲ್ಲ.

ಅರ್ಧ ಗಂಟೆಗೆ ದಡ ಮುಟ್ಟಿದರು. ಅಕ್ಕನ ಸೀರೆ ಸೆರಗು ಪೂರ್ತಿ ಒದ್ದೆ. "ಇಳಿ ಅಕ್ಕ, ಊಟ ಮಾಡೋಣ" ಅಂದೆ. ಅವಳು ಇಳಿಯಲಿಲ್ಲ. ನನ್ನ ಹಿಂದೆ ನೋಡ್ತಿದ್ದಳು. ತಿರುಗಿದರೆ, ಬುತ್ತಿ ಚೀಲ ಬಾಯಿ ಬಿಟ್ಕೊಂಡು ಬಿದ್ದಿತ್ತು. ಒಂದು ಕಂದು ನಾಯಿ ಅಕ್ಕಿರೊಟ್ಟಿ ಕಚ್ಕೊಂಡು ಆಗಲೇ ರಸ್ತೆ ಹತ್ರ ಇತ್ತು. ಹುಚ್ಚೆಳ್ಳು ಚಟ್ನಿ ಡಬ್ಬಿ ಮಾತ್ರ ಉಳಿದಿತ್ತು.

"ಲೋ," ಅಂದಳು ಅಕ್ಕ, ಹುಟ್ಟನ್ನು ತೊಡೆ ಮೇಲೆ ಅಡ್ಡ ಇಟ್ಕೊಂಡು, "ಬ್ಯಾಗ್ ಕಾಯೋಕೂ ಬರಲ್ವಲ್ಲೋ ನಿಂಗೆ!"